ರಾತ್ರಿ ಹೋಗಿ ಬೆಳಿಗ್ಗೆ ಬರುವ ಡ್ಯೂಟಿ: ಕರಾವಳಿಯ ಹೊಸ ಕ್ಯಾಬಿನ್ ಸಿಬ್ಬಂದಿಗೆ

ಮಂಗಳೂರು, ಉಡುಪಿ ಕಡೆಯಿಂದ ವಿಮಾನದ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ತರಬೇತಿಯಲ್ಲಿ ಪುಸ್ತಕದ ಸಂಗತಿಗಳನ್ನೆಲ್ಲ ಹೇಳಿಕೊಟ್ಟಿರುತ್ತಾರೆ. ಲೈನಿಗೆ, ಅಂದರೆ ನಿಜವಾದ ಹಾರಾಟದ ಡ್ಯೂಟಿಗೆ, ಬಂದ ಮೇಲೆ ಮೊದಲ ಕೆಲವು ತಿಂಗಳು ಕಾಡುವ ಪ್ರಶ್ನೆಗಳು ಬೇರೆ. ಯಾವುದರ ನಂತರ ಯಾವುದು, ಎಲ್ಲಿ ಕೈ ತಪ್ಪುತ್ತದೆ, ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು? ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಕೊಲ್ಲಿಯ ಊರೊಂದಕ್ಕೆ ರಾತ್ರಿ ಹೋಗಿ, ಅಲ್ಲಿ ತಂಗದೆ ಅದೇ ವಿಮಾನದಲ್ಲಿ ಬೆಳಿಗ್ಗೆ ವಾಪಸಾಗುವ ಡ್ಯೂಟಿಯನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಇದನ್ನು ಸರಿಯಾಗಿ ಮಾಡಲು ಬಂದರೆ ಬೆಂಗಳೂರು, ಮುಂಬೈಯ ಸಣ್ಣ ಸೆಕ್ಟರುಗಳು (ಒಂದು ಊರಿನಿಂದ ಇನ್ನೊಂದಕ್ಕೆ ಹಾರುವ ಒಂದೊಂದು ಹಾರಾಟ) ಕಷ್ಟವಾಗುವುದಿಲ್ಲ. ನಿಮ್ಮ ಕಂಪನಿಯ ಮ್ಯಾನುವಲ್‌ಗೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಮ್ಯಾನುವಲ್ ಹೇಳಿದಂತೆಯೇ ಮಾಡಿ.

ರೋಸ್ಟರ್ ಓದುವುದು

ರೋಸ್ಟರಿನಲ್ಲಿ, ಅಂದರೆ ಡ್ಯೂಟಿಯ ಪಟ್ಟಿಯಲ್ಲಿ, ಸಮಯ ಹೆಚ್ಚಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. ಲೆಕ್ಕ ಸುಲಭ, ಆದರೆ ತಾರೀಕಿನಲ್ಲಿ ಎಡವುವವರು ಬಹಳ ಮಂದಿ. 12ನೇ ತಾರೀಕು 20:00 ಯುಟಿಸಿ ಎಂದಿದ್ದರೆ ಇಲ್ಲಿ ಆಗ 13ನೇ ತಾರೀಕು ಬೆಳಗಿನ ಜಾವ 1:30. ರೋಸ್ಟರ್ ಬಂದ ದಿನವೇ ಪ್ರತಿಯೊಂದು ಡ್ಯೂಟಿಯನ್ನೂ ನಮ್ಮ ಸಮಯಕ್ಕೆ ಬದಲಿಸಿ, ‘ಶುಕ್ರವಾರ ರಾತ್ರಿ ಮಲಗದೆ ಹೊರಡುವುದು’ ಎಂಬಷ್ಟು ಬಿಡಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮನೆಯವರಿಗೂ ಅದು ಕಾಣುತ್ತಿರಬೇಕು. ಇಲ್ಲದಿದ್ದರೆ ನೀವು ಮಲಗಿದ ಹೊತ್ತಿಗೇ ನೆಂಟರು ಬಂದು ಕೂತಿರುತ್ತಾರೆ.

ಆರೋಗ್ಯ ಸರಿಯಿಲ್ಲ ಎನ್ನುವುದಿದ್ದರೆ ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು. ನಮ್ಮ ದೇಶದಲ್ಲಿ ಪ್ರತಿ 50 ಸೀಟಿಗೆ ಒಬ್ಬರು ಕ್ಯಾಬಿನ್ ಸಿಬ್ಬಂದಿ ಇರಲೇಬೇಕು. 189 ಸೀಟಿನ ಬೋಯಿಂಗ್ 737ಕ್ಕೆ ನಾಲ್ವರು, 78 ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನಕ್ಕೆ ಇಬ್ಬರು. ಕೊನೆಯ ಗಳಿಗೆಯಲ್ಲಿ ಒಬ್ಬರು ಬರದಿದ್ದರೆ ಬದಲಿ ಜನ ಸಿಗುವವರೆಗೆ ವಿಮಾನ ನಿಲ್ಲಬೇಕಾಗುತ್ತದೆ. ಶೀತದಿಂದ ಮೂಗು ಕಟ್ಟಿದ್ದರೆ ಹಾರಬೇಡಿ. ಇಳಿಯುವಾಗ ಕ್ಯಾಬಿನ್ನಿನ ಒತ್ತಡ ಏರುತ್ತದೆ. ಕಿವಿಯ ಒಳನಾಳ ಮುಚ್ಚಿದ್ದರೆ ಆ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ತಮಟೆ ಹರಿದರೆ ವಾರಗಟ್ಟಲೆ ಮನೆಯಲ್ಲಿ ಕೂರಬೇಕು. ಒಂದು ದಿನದ ರಜೆ ಅದಕ್ಕಿಂತ ಎಷ್ಟೋ ವಾಸಿ.

ನಿದ್ದೆ

ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹದ ಚುರುಕು ಅತ್ಯಂತ ಕೆಳಗಿರುತ್ತದೆ. ನಿಮ್ಮ ವಾಪಸು ಸೆಕ್ಟರ್ ಸರಿಯಾಗಿ ಅದೇ ಹೊತ್ತಿಗೆ ಬೀಳುತ್ತದೆ. ಹಾಗಾಗಿ ಡ್ಯೂಟಿಯ ದಿನ ಮಧ್ಯಾಹ್ನ ಊಟ ಮಾಡಿ, ಕೋಣೆ ಕತ್ತಲೆ ಮಾಡಿ ಮೂರು ಗಂಟೆಯಾದರೂ ಮಲಗಿ. ನಿದ್ದೆ ಬರದಿದ್ದರೂ ಫೋನ್ ಮುಟ್ಟದೆ ಬಿದ್ದುಕೊಂಡಿರಿ. ಎದ್ದ ಕೂಡಲೇ ಕೆಲಸಕ್ಕೆ ಇಳಿಯಬೇಡಿ. ಗಾಢ ನಿದ್ದೆಯಿಂದ ಎದ್ದವರಿಗೆ ಸುಮಾರು ಅರ್ಧ ಗಂಟೆ ಮಂಪರು ಇರುತ್ತದೆ. ಕಣ್ಣು ತೆರೆದಿರುತ್ತದೆ, ತೀರ್ಮಾನ ಮಾತ್ರ ನಿಧಾನವಾಗುತ್ತದೆ. ನಮ್ಮೂರಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು, ಉಳಿದವರು ಎಂಟೇ ಮಂದಿ. ತೀರಿಕೊಂಡವರಲ್ಲಿ ನಾಲ್ವರು ಕ್ಯಾಬಿನ್ ಸಿಬ್ಬಂದಿಯೂ ಇದ್ದರು. ಹಾರಾಟದ ನಡುವೆ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದು, ಎದ್ದ ಮೇಲೆ ಉಳಿದ ಆ ಮಂಪರು ಅವರ ತೀರ್ಮಾನವನ್ನು ಕೆಡಿಸಿರಬಹುದು ಎಂಬುದು ತನಿಖೆ ಗುರುತಿಸಿದ ಕಾರಣಗಳಲ್ಲಿ ಒಂದು.

ಹೊರಡುವ ಮುಂಚಿನ ಊಟ ಹಗುರವಾಗಿರಲಿ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಮಜ್ಜಿಗೆ ಒಳ್ಳೆಯದು. ಹುರುಳಿ, ಕಡಲೆ, ಗೆಣಸು, ಗೋಳಿಬಜೆ ಬೇಡ. ಕ್ಯಾಬಿನ್ನಿನ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ಹೊಟ್ಟೆಯೊಳಗಿನ ಗಾಳಿ ಅಲ್ಲಿ ಮೂರನೇ ಒಂದು ಭಾಗದಷ್ಟು ಹಿಗ್ಗಿ, ನಾಲ್ಕು ಗಂಟೆ ನಿಂತಿರುವವರಿಗೆ ನೋವು ಕೊಡುತ್ತದೆ.

ಉಸಿರಿನ ಪರೀಕ್ಷೆಯ ವಿಷಯ

ಡ್ಯೂಟಿಗೆ 12 ಗಂಟೆ ಮುಂಚಿನಿಂದ ಮದ್ಯ ಮುಟ್ಟುವಂತಿಲ್ಲ, ಯಂತ್ರದಲ್ಲಿ ಸೊನ್ನೆಯೇ ಬರಬೇಕು. ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳು, ಎರಡನೇ ಸಲ 3 ವರ್ಷ ಹಾರಾಟ ಬಂದ್. ಕುಡಿಯದವರೂ ಇಲ್ಲಿ ಎಚ್ಚರ ತಪ್ಪುವ ಜಾಗವೊಂದಿದೆ. ನಮ್ಮ ಮನೆಗಳಲ್ಲಿ ಕೈಕಾಲು ನೋವಿಗೆ, ಅಜೀರ್ಣಕ್ಕೆ, ಬಾಣಂತನಕ್ಕೆ ಅರಿಷ್ಟ, ಆಸವ ಕುಡಿಯುವುದು ರೂಢಿ. ದಶಮೂಲಾರಿಷ್ಟದಂಥ ಔಷಧಗಳು ಹುದುಗಿ ಬಂದವು, ಅವುಗಳಲ್ಲಿ ಮದ್ಯಸಾರ ಇದ್ದೇ ಇರುತ್ತದೆ. ಹೋಮಿಯೋಪಥಿಯ ಹನಿಗಳಲ್ಲಿ, ಬಾಯಿ ಮುಕ್ಕಳಿಸುವ ಕೆಲವು ದ್ರಾವಣಗಳಲ್ಲೂ ಇದೆ. ಅಜ್ಜಿ ಪ್ರೀತಿಯಿಂದ ಒಂದು ಚಮಚ ಕೊಟ್ಟರೂ ಡ್ಯೂಟಿ ಹತ್ತಿರ ಇದ್ದರೆ ಬೇಡವೆನ್ನಿ. ಔಷಧ ಬೇಕೇ ಬೇಕೆಂದಿದ್ದರೆ ಕಂಪನಿಯ ವೈದ್ಯರನ್ನು ಕೇಳಿ, ರಜೆ ಹಾಕಿ.

ಹೊರಡುವುದು

ಉಡುಪಿಯಿಂದ ಬಜ್ಪೆಗೆ ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾರಿ ಅನುಕೂಲ. ಸುಮಾರು ಒಂದೂವರೆ ಗಂಟೆ ಸಾಕು ಎನಿಸಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮರ ಬಿದ್ದು ದಾರಿ ಮುಚ್ಚುವುದು ಮಳೆಗಾಲದಲ್ಲಿ ಮಾಮೂಲು. ಬೇಸ್ (ಡ್ಯೂಟಿ ಶುರುವಾಗುವ ಊರು) ಬೆಂಗಳೂರಿನಲ್ಲಿದ್ದು ರಜೆಗೆ ಊರಿಗೆ ಬಂದವರು ಡ್ಯೂಟಿಯ ಹಿಂದಿನ ರಾತ್ರಿಯ ಬಸ್ಸನ್ನು ನಂಬಬೇಡಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಹಾಸನ ತಲುಪುವುದೇ ಅನುಮಾನ. ಸಿಬ್ಬಂದಿಯ ರಿಯಾಯಿತಿ ಟಿಕೆಟ್ ಸೀಟು ಉಳಿದರೆ ಮಾತ್ರ ಸಿಗುವಂಥದ್ದು, ಹಬ್ಬದ ವಾರದಲ್ಲಿ ಸಿಗುವುದೇ ಇಲ್ಲ. ಒಂದು ದಿನ ಮುಂಚೆ ಹೊರಡಿ.

ಬ್ಯಾಗಿನಲ್ಲಿ ಪಾಸ್‌ಪೋರ್ಟ್, ಕಂಪನಿಯ ಗುರುತಿನ ಚೀಟಿ, ವಿಮಾನ ನಿಲ್ದಾಣ ಪ್ರವೇಶದ ಪಾಸ್, ಮ್ಯಾನುವಲ್ ಇರುವ ಟ್ಯಾಬ್, ಟಾರ್ಚ್, ಕೈಗಡಿಯಾರ ಇರಬೇಕು. ಕನ್ನಡಕ ಹಾಕುವವರು ಇನ್ನೊಂದು ಜೊತೆ ಇಟ್ಟುಕೊಳ್ಳಿ. ಕೊಲ್ಲಿಗೆ ಹೋಗುವವರು ಮನೆಯ ಡಬ್ಬಿಯಲ್ಲಿ ಗಸಗಸೆ ಇರದಂತೆ ನೋಡಿಕೊಳ್ಳಿ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಪಟ್ಟಿಗೆ ಸೇರುತ್ತದೆ, ಜೈಲಿಗೂ ದಾರಿಯಾಗುತ್ತದೆ.

ಬೇರೆಯವರ ಪೊಟ್ಟಣವನ್ನು ಹೋಗುವಾಗಲೂ ಬರುವಾಗಲೂ ಒಯ್ಯಬೇಡಿ. ‘ಅಕ್ಕ, ಒಂದು ಸಣ್ಣ ಕವರ್, ಅಷ್ಟೆ’ ಎಂದು ಚಿಕ್ಕಮ್ಮನ ಮಗನೇ ಕೇಳಿದರೂ ಇಲ್ಲ ಎನ್ನಿ. ಪ್ರಯಾಣಿಕರಿಗಿರುವ ಕಸ್ಟಮ್ಸ್ ರಿಯಾಯಿತಿ ಸಿಬ್ಬಂದಿಗೆ ಇಲ್ಲ, ನಮ್ಮ ಮಿತಿ ಬಹಳ ಚಿಕ್ಕದು. ಆ ಪೊಟ್ಟಣದೊಳಗೆ ಚಿನ್ನ ಸಿಕ್ಕಿದರೆ ಕೊಟ್ಟವರು ಯಾರೂ ಮುಂದೆ ಬರುವುದಿಲ್ಲ.

ವಿಮಾನ ಹತ್ತಿದ ಮೇಲೆ ಮೊದಲ ಹತ್ತು ನಿಮಿಷ

ಹತ್ತುವ ಮುಂಚೆ ನಡೆಯುವ ಸಿಬ್ಬಂದಿಯ ಬ್ರೀಫಿಂಗಿನಲ್ಲಿ ನಿಮ್ಮ ಬಾಗಿಲು ಯಾವುದು, ನಿಮ್ಮ ಕೆಳಗೆ ಬರುವ ಸಾಲುಗಳು ಯಾವುವು ಎಂದು ಗೊತ್ತಾಗುತ್ತದೆ. ಸುರಕ್ಷತೆಯ ಪ್ರಶ್ನೆಯನ್ನೂ ಕೇಳುತ್ತಾರೆ, ಉತ್ತರ ಬಾರದಿದ್ದರೆ ಆ ದಿನದ ಡ್ಯೂಟಿಯಿಂದ ಇಳಿಸಲೂಬಹುದು.

ವಿಮಾನದೊಳಗೆ ಬ್ಯಾಗು ಇಟ್ಟ ಕೂಡಲೇ ನಿಮ್ಮ ಜಂಪ್ ಸೀಟಿನಿಂದ, ಅಂದರೆ ಬಾಗಿಲ ಬಳಿ ಸಿಬ್ಬಂದಿ ಕೂರುವ ಮಡಚುವ ಸೀಟಿನಿಂದ, ಶುರು ಮಾಡಿ. ಸೀಟು ಬಿಟ್ಟರೆ ತಾನಾಗಿ ಮೇಲಕ್ಕೆ ಮಡಚಿಕೊಳ್ಳಬೇಕು. ಮಡಚದಿದ್ದರೆ ತುರ್ತಿನಲ್ಲಿ ಅದೇ ದಾರಿಗೆ ಅಡ್ಡವಾಗುತ್ತದೆ. ನಂತರ ಬೆಲ್ಟು, ಇಂಟರ್‌ಫೋನ್, ಟಾರ್ಚಿನ ಮಿನುಗುವ ದೀಪ, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ, ಹೊಗೆಯ ಮುಸುಕಿನ ಸೀಲು ಒಡೆಯದೆ ಇದೆಯೇ, ಆಮ್ಲಜನಕದ ಸಿಲಿಂಡರ್, ಮೆಗಾಫೋನ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಶೌಚಾಲಯದ ಕಸದ ಡಬ್ಬಿಯ ಮುಚ್ಚಳ ಬಿಟ್ಟ ಕೂಡಲೇ ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ಯಾರಾದರೂ ಕದ್ದು ಬೀಡಿ ಸೇದಿ ಅಲ್ಲಿ ಎಸೆದರೆ ಗಾಳಿ ಸಿಗದೆ ಬೆಂಕಿ ಆರುವುದು ಆ ಮುಚ್ಚಳದಿಂದಲೇ.

ಈ ಪಟ್ಟಿಯನ್ನು ಪ್ರತಿದಿನ ಒಂದೇ ದಿಕ್ಕಿನಲ್ಲಿ, ಒಂದೇ ಕ್ರಮದಲ್ಲಿ ಮಾಡಿ, ಕೈಯಿಂದ ಮುಟ್ಟಿ ನೋಡಿ. ನಡುವೆ ಯಾರಾದರೂ ಕರೆದರೆ ಹೋಗಿ ಬಂದು ನಿಲ್ಲಿಸಿದಲ್ಲಿಂದ ಮುಂದುವರಿಸಬೇಡಿ, ಮೊದಲಿನಿಂದ ಶುರು ಮಾಡಿ. ತಪ್ಪಿಹೋಗುವ ವಸ್ತು ಯಾವಾಗಲೂ ಮಾತಿನ ನಡುವೆ ಬಿಟ್ಟದ್ದೇ. ನಮ್ಮ ಕೆಲಸದ ಬಹುಪಾಲು ತಪ್ಪುಗಳು ಗೊತ್ತಿಲ್ಲದೆ ಆದವಲ್ಲ, ಕ್ರಮ ಕಡಿದು ಆದವು.

ಜನ ಹತ್ತುವಾಗ

ಮಂಗಳೂರಿನ ಕೊಲ್ಲಿ ವಿಮಾನಗಳಲ್ಲಿ ಮೊದಲ ಸಲ ಹಾರುವವರು, ಮಕ್ಕಳನ್ನು ನೋಡಲು ಹೊರಟ ವಯಸ್ಸಾದ ತಂದೆತಾಯಂದಿರು ಬಹಳ. ಇಂಗ್ಲಿಷಿನಲ್ಲಿ ‘ಮ್ಯಾಮ್’ ಎಂದರೆ ತಿರುಗಿಯೂ ನೋಡದ ಅಜ್ಜಿ ‘ಅಮ್ಮಾ, ಕುಲ್ಲುಲೆ, ಬೆಲ್ಟ್ ಪಾಡೊನ್ಲೆ’ (ಕೂತುಕೊಳ್ಳಿ, ಬೆಲ್ಟ್ ಹಾಕಿಕೊಳ್ಳಿ) ಎಂದು ತುಳುವಿನಲ್ಲಿ ಹೇಳಿದರೆ ಕೂರುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಯಾವುದು ಬಂದರೂ ಬಳಸಿ. ತುರ್ತಿನಲ್ಲಿ ಯಾರಿಗೆ ಯಾವ ಭಾಷೆ ಅರ್ಥವಾಗುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ. ಶೌಚಾಲಯದ ಬಾಗಿಲು ಹೇಗೆ ಮಡಚುತ್ತದೆ, ಚಿಲಕ ಹಾಕಿದರೆ ಮಾತ್ರ ಪೂರ್ತಿ ಬೆಳಕು ಬರುತ್ತದೆ ಎಂದು ವಯಸ್ಸಾದವರಿಗೆ ಮೊದಲೇ ತೋರಿಸಿ. ಕತ್ತಲಲ್ಲಿ ತಡಕಾಡಿ ಬೀಳುವುದು ತಪ್ಪುತ್ತದೆ.

ರೆಕ್ಕೆಯ ಮೇಲಿನ ಬಾಗಿಲಿನ ಸಾಲಿನಲ್ಲಿ ಕೂತವರು ಬಾಗಿಲು ತೆಗೆಯಬಲ್ಲವರೇ ಎಂದು ನೋಡಿ. ‘ಅರ್ಥವಾಯಿತಾ’ ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ‘ಯಾವಾಗ ತೆಗೆಯುತ್ತೀರಿ?’ ಎಂದು ಕೇಳಿ ಉತ್ತರ ಪಡೆಯಿರಿ.

ಭಾರದ ಬ್ಯಾಗುಗಳನ್ನು ನೀವೊಬ್ಬರೇ ಎತ್ತಬೇಡಿ, ಬ್ಯಾಗಿನವರೊಂದಿಗೆ ಸೇರಿ ಎತ್ತಿ. ಈ ಕೆಲಸದಲ್ಲಿ ಸೊಂಟ ಹಾಳಾಗುವುದು ಹೀಗೆಯೇ. ಬ್ಯಾಗಿನಲ್ಲಿ ಒಣಕೊಬ್ಬರಿ ಕಂಡರೆ ಸೀನಿಯರ್‌ಗೆ ತಿಳಿಸಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದ್ದು ಎಂದು ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಅಡುಗೆಮನೆಯ ವಸ್ತುವಾದ್ದರಿಂದ ನಮ್ಮವರಿಗೆ ಅದು ತಪ್ಪೆಂದು ಹೊಳೆಯುವುದೇ ಇಲ್ಲ, ಮೆತ್ತಗೆ ಹೇಳಿ.

ಬಾಗಿಲು

ಬಾಗಿಲು ಮುಚ್ಚಿದ ಮೇಲೆ ಬರುವ ‘ಆರ್ಮ್ ಡೋರ್ಸ್ ಅಂಡ್ ಕ್ರಾಸ್ ಚೆಕ್’ ಎಂಬ ಆದೇಶ ಇಡೀ ಡ್ಯೂಟಿಯ ಅತಿ ಮುಖ್ಯ ಮಾತು. ಆರ್ಮ್ ಮಾಡುವುದೆಂದರೆ ತುರ್ತಿನಲ್ಲಿ ಜನ ಇಳಿಯುವ ಜಾರುಬಂಡೆಯನ್ನು ಸಜ್ಜಾಗಿಡುವುದು. ಆರ್ಮ್ ಆದ ಬಾಗಿಲನ್ನು ಒಳಗಿನಿಂದ ತೆರೆದರೆ ಜಾರುಬಂಡೆ ಸುಮಾರು ಆರು ಸೆಕೆಂಡಿನಲ್ಲಿ ಉಬ್ಬಿ ಹೊರಬರುತ್ತದೆ.

ಬೋಯಿಂಗ್ 737ರಲ್ಲಿ ಇದು ಕೈಕೆಲಸ. ಜಾರುಬಂಡೆಯ ತುದಿಯಲ್ಲಿರುವ ಗರ್ಟ್ ಬಾರ್ ಎಂಬ ಲೋಹದ ಸರಳನ್ನು ಬಾಗಿಲಿನ ಕೊಕ್ಕೆಗಳಿಂದ ಬಿಡಿಸಿ, ನೆಲದ ಎರಡು ಬ್ರಾಕೆಟ್ಟಿಗೆ ಸಿಕ್ಕಿಸಬೇಕು. ಎರಡೂ ತುದಿ ಕೂತಿತೇ ಎಂದು ಎಳೆದು ನೋಡಬೇಕು. ಕಿಟಕಿಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಬೇಕು. ಹೊರಗಿನವರಿಗೆ ಅದು ಸೂಚನೆ. ಏರ್‌ಬಸ್ ಎ320ರಲ್ಲಿ ಒಂದು ಲಿವರ್ ಸಾಕು, ಕೆಂಪು ರಿಬ್ಬನ್ನಿನ ಪಿನ್ ತೆಗೆದು ಲಿವರ್ ಕೆಳಕ್ಕೆ. ಡಿಸಾರ್ಮ್ ಮಾಡುವಾಗ, ಅಂದರೆ ಆ ಸಜ್ಜು ಬಿಡಿಸುವಾಗ, ಲಿವರ್ ಮೇಲಕ್ಕೆ, ಪಿನ್ ಒಳಕ್ಕೆ.

ತಪ್ಪು ಆಗುವುದು ಹೆಚ್ಚಾಗಿ ಇಳಿದ ಮೇಲೆ. ರಾತ್ರಿಯಿಡೀ ದುಡಿದ ದಣಿವು, ಹಿಂದೆ ಎದ್ದುನಿಂತ ಜನ, ಹೊರಗೆ ಗಾಜು ತಟ್ಟುವ ಗ್ರೌಂಡ್ ಸಿಬ್ಬಂದಿ. ಕೈ ತಾನಾಗಿ ಹಿಡಿಗೆ ಹೋಗುತ್ತದೆ. ಆದ್ದರಿಂದ ಆದೇಶ ಬರುವವರೆಗೆ ಬಾಗಿಲಿನ ಹತ್ತಿರ ಬೇರೆ ಕೆಲಸ, ಮಾತು ಎರಡೂ ಬೇಡ. ಆದೇಶ ಬಂದಾಗ ಡಿಸಾರ್ಮ್ ಮಾಡಿ, ಬೆರಳಿನಿಂದ ತೋರಿಸಿ, ಬಾಯಿಬಿಟ್ಟು ಹೇಳಿ, ಎದುರಿನ ಬಾಗಿಲಿನವರದ್ದನ್ನು ನೀವು, ನಿಮ್ಮದನ್ನು ಅವರು ನೋಡಿ. ಎ320ರಲ್ಲಿ ಹಿಡಿಯನ್ನು ಸ್ವಲ್ಪವೇ ಎತ್ತಿದಾಗ ‘ಸ್ಲೈಡ್ ಆರ್ಮ್ಡ್’ ಎಂಬ ಬಿಳಿ ದೀಪ ಉರಿದರೆ ಅಲ್ಲಿಗೇ ನಿಲ್ಲಿಸಿ. ಒತ್ತಡದ ಕೆಂಪು ದೀಪ ಮಿನುಗುತ್ತಿದ್ದರೂ ತೆರೆಯಬೇಡಿ, ಕ್ಯಾಪ್ಟನ್ನಿಗೆ ತಿಳಿಸಿ. ಅನವಶ್ಯಕವಾಗಿ ಉಬ್ಬಿದ ಜಾರುಬಂಡೆ ಕೆಳಗೆ ನಿಂತವರನ್ನು ಗಾಯಗೊಳಿಸುತ್ತದೆ, ವಿಮಾನವನ್ನು ಅಲ್ಲೇ ನಿಲ್ಲಿಸುತ್ತದೆ.

ಮೇಲೇರುವಾಗ

ಜಂಪ್ ಸೀಟಿನಲ್ಲಿ ಬೆಲ್ಟು ಬಿಗಿದು, ಬೆನ್ನು ಒರಗಿಸಿ ಕೂತು ಮನಸ್ಸಿನಲ್ಲೇ ಮೂವತ್ತು ಸೆಕೆಂಡಿನ ಪಾಠ ಹೇಳಿಕೊಳ್ಳಿ: ನನ್ನ ಬಾಗಿಲು ಹೇಗೆ ತೆರೆಯುತ್ತದೆ, ಟಾರ್ಚ್ ಎಲ್ಲಿದೆ, ಯಾವ ಸೀಟಿನವರು ಸಹಾಯಕ್ಕೆ ಬರಬಲ್ಲರು, ಕೂಗುವ ಮೊದಲ ಮಾತು ಯಾವುದು. ಅರ್ಧ ಬಾಗಿಲುಗಳಷ್ಟೇ ತೆರೆದರೂ ಎಲ್ಲರೂ 90 ಸೆಕೆಂಡಿನಲ್ಲಿ ಹೊರಬರಲು ಸಾಧ್ಯವೆಂದು ವಿಮಾನವನ್ನು ಪರೀಕ್ಷಿಸಿಯೇ ಒಪ್ಪಿರುತ್ತಾರೆ. ಆ ಲೆಕ್ಕ ನಿಜವಾಗುವುದು ಬಾಗಿಲಿನಲ್ಲಿರುವವರು ಯೋಚಿಸುತ್ತ ನಿಲ್ಲದಿದ್ದರೆ ಮಾತ್ರ. 10,000 ಅಡಿಗಿಂತ ಕೆಳಗೆ ಇರುವಾಗ ಸುರಕ್ಷತೆಯ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಕಾಕ್‌ಪಿಟ್ಟಿಗೆ ಫೋನ್ ಮಾಡಬೇಡಿ.

ಊಟ, ನೀರು, ಬಿಸಿನೀರು

ಟ್ರಾಲಿಯ ಕೆಂಪು ಪೆಡಲ್ ಬ್ರೇಕು, ಹಸಿರು ಬಿಡುವುದಕ್ಕೆ. ಕೈ ಬಿಟ್ಟರೆ ಬ್ರೇಕು, ಒಂದು ಕ್ಷಣಕ್ಕಾದರೂ ಸರಿ. ತುಂಬಿದ ಟ್ರಾಲಿಯನ್ನು ತಳ್ಳುವಾಗ ಮೊಣಕಾಲು ಸ್ವಲ್ಪ ಬಾಗಿಸಿ, ಭಾರ ಕಾಲಿಗೆ ಬರಲಿ. ವಿಮಾನ ಇನ್ನೂ ಏರುತ್ತಿದ್ದರೆ ನೆಲ ಓರೆಯಾಗಿರುತ್ತದೆ, ಟ್ರಾಲಿ ಹಿಂದಕ್ಕೆ ಜಾರುತ್ತದೆ.

ಸುಟ್ಟಗಾಯಗಳು ಹೆಚ್ಚು ಆಗುವುದು ಚಹಾ, ಕಾಫಿ, ಕಪ್ ನೂಡಲ್ಸ್, ಉಪ್ಪಿಟ್ಟಿನ ಬಿಸಿನೀರಿನಿಂದ. ಕಪ್ಪನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಮುಚ್ಚಳ ಒತ್ತಿ ನೋಡಿ, ಪ್ರಯಾಣಿಕರ ತಲೆಯ ಮೇಲಿಂದ ದಾಟಿಸದೆ ಟ್ರೇಯಲ್ಲಿ ತಗ್ಗಿಸಿ ಕೊಡಿ. ಮಡಿಲಲ್ಲಿ ಮಗು ಇದ್ದರೆ ಪಕ್ಕದವರ ಮೇಜಿನ ಮೇಲಿಡಿ. ಚೆಲ್ಲಿದರೆ ತಣ್ಣೀರು ಸುರಿಯಿರಿ, ಐಸ್ ಒತ್ತಬೇಡಿ.

ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಮೇಲೆ ಮೋಡಗಳು ಗೋಡೆಯಂತೆ ನಿಂತಿರುತ್ತವೆ. ಜೋರಾಗಿ ಕುಲುಕಿದರೆ ಗ್ಯಾಲಿಗೆ (ವಿಮಾನದ ಅಡುಗೆ ಜಾಗ) ಓಡುವ ಪ್ರಯತ್ನ ಬೇಡ. ಬ್ರೇಕು ಒತ್ತಿ, ಬಿಸಿ ಕೆಟಲನ್ನು ಟ್ರಾಲಿಯೊಳಗೆ ಅಥವಾ ನೆಲಕ್ಕೆ ಇಳಿಸಿ, ಹತ್ತಿರದ ಖಾಲಿ ಸೀಟಿನಲ್ಲಿ ಕೂತು ಬೆಲ್ಟು ಹಾಕಿ. ಸೀಟು ಇಲ್ಲದಿದ್ದರೆ ಅಲ್ಲೇ ನೆಲಕ್ಕೆ ಕೂತು ಸೀಟಿನ ಕಾಲು ಗಟ್ಟಿಯಾಗಿ ಹಿಡಿಯಿರಿ. ನಾಚಿಕೆಪಡುವ ವಿಷಯವಲ್ಲ. ನೀವು ಬಿದ್ದು ಮೂಳೆ ಮುರಿದುಕೊಂಡರೆ ಬಾಗಿಲಿಗೊಬ್ಬರು ಕಡಿಮೆ.

ಯಾರಾದರೂ ಪವರ್ ಬ್ಯಾಂಕ್ ಬಿಸಿಯಾಗಿದೆ, ಹೊಗೆ ಬರುತ್ತಿದೆ ಎಂದರೆ ಸುತ್ತಲಿನವರನ್ನು ಎಬ್ಬಿಸಿ, ಒಬ್ಬರು ಕಾಕ್‌ಪಿಟ್ಟಿಗೆ ತಿಳಿಸಲಿ, ಒಬ್ಬರು ಹ್ಯಾಲಾನ್ ಸಿಲಿಂಡರಿನಿಂದ ಜ್ವಾಲೆ ಆರಿಸಲಿ. ಅಷ್ಟಕ್ಕೆ ಮುಗಿಯುವುದಿಲ್ಲ. ಒಳಗಿನ ಒಂದು ಸೆಲ್ ಇನ್ನೊಂದನ್ನು ಕಾಯಿಸುತ್ತಲೇ ಇರುತ್ತದೆ, ಆದ್ದರಿಂದ ಕುಡಿಯುವ ನೀರನ್ನು ಬಾಟಲಿಗಟ್ಟಲೆ ಸುರಿಯಬೇಕು. ಐಸ್ ಹಾಕಬೇಡಿ, ಕಂಬಳಿ ಹೊದಿಸಬೇಡಿ, ಎರಡೂ ಶಾಖವನ್ನು ಒಳಗೇ ಹಿಡಿದಿಡುತ್ತವೆ. ಫೋನ್ ಸೀಟಿನ ಸಂದಿಗೆ ಬಿದ್ದಿದೆ ಎಂದರೆ ಸೀಟನ್ನು ಹಿಂದೆ ಮುಂದೆ ಮಾಡಲು ಬಿಡಬೇಡಿ, ಜಜ್ಜಿದ ಬ್ಯಾಟರಿ ಹೊತ್ತಿಕೊಳ್ಳುತ್ತದೆ.

ಮೇಲಿನಿಂದ ಆಮ್ಲಜನಕದ ಮುಖವಾಡಗಳು ಬಿದ್ದರೆ ಮೊದಲು ನಿಮ್ಮದು. 35,000 ಅಡಿಯಲ್ಲಿ ಬುದ್ಧಿ ನೆಟ್ಟಗೆ ಕೆಲಸ ಮಾಡುವುದು 30ರಿಂದ 60 ಸೆಕೆಂಡು ಮಾತ್ರ.

ವಾಪಸು ದಾರಿ

ಅಲ್ಲಿ ನಿಲ್ಲುವ ಒಂದು ಗಂಟೆಯಲ್ಲಿ ಶುಚಿ ಮಾಡುವವರು, ಊಟ ತುಂಬುವವರು, ಭದ್ರತಾ ತಪಾಸಣೆ ಎಲ್ಲ ಒಟ್ಟಿಗೆ ಬರುತ್ತವೆ. ಹತ್ತು ನಿಮಿಷ ಕೂತು ಏನಾದರೂ ತಿನ್ನಿ, ನೀರು ಕುಡಿಯಿರಿ. ಕ್ಯಾಬಿನ್ನಿನ ಗಾಳಿಯಲ್ಲಿ ತೇವ ಬಹಳ ಕಡಿಮೆ, ಬಾಯಾರಿಕೆ ತಿಳಿಯುವ ಮುಂಚೆಯೇ ತಲೆನೋವು ಬರುತ್ತದೆ. ಕೊನೆಯ ಕಾಫಿ ಇಲ್ಲೇ ಮುಗಿಸಿ. ಅದರ ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ, ತಡ ಮಾಡಿದರೆ ಬೆಳಗಿನ ನಿದ್ದೆಗೆ ಕಲ್ಲು.

ವಾಪಸಿನಲ್ಲಿ ಹೆಚ್ಚಿನವರು ಮಲಗುತ್ತಾರೆ. ನೀವು ಮಾತ್ರ ಹದಿನೈದು ನಿಮಿಷಕ್ಕೊಮ್ಮೆ ಟಾರ್ಚ್ ಕೆಳಮುಖ ಮಾಡಿ ಕ್ಯಾಬಿನ್ ಸುತ್ತಿ. ಮಲಗಿದವರ ಬಣ್ಣ, ಉಸಿರು ನೋಡಿ, ಶೌಚಾಲಯದಲ್ಲಿ ವಾಸನೆ ನೋಡಿ. ಕಾಕ್‌ಪಿಟ್ಟಿಗೆ ನಿಯಮದ ಪ್ರಕಾರ ಕರೆ ಮಾಡಿ, ಪೈಲಟ್‌ಗಳ ದನಿ ಚುರುಕಾಗಿದೆಯೇ ಎಂದು ಕೇಳಿಸಿಕೊಳ್ಳಿ. ಇಬ್ಬರೂ ಪೈಲಟ್‌ಗಳಿಗೆ ಒಂದೇ ಊಟ ಕೊಡಬಾರದು, ಕೆಟ್ಟಿದ್ದರೆ ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿಯುತ್ತಾರೆ.

ಬಜ್ಪೆಯಲ್ಲಿ ಇಳಿಯುವುದು

ಬಜ್ಪೆಯ ದೊಡ್ಡ ರನ್‌ವೇ 2,450 ಮೀಟರ್. ಗುಡ್ಡದ ತಲೆ ಸಮ ಮಾಡಿ ಕಟ್ಟಿದ್ದು, ಅಂಚಿನಾಚೆ ಇಳಿಜಾರು. ಇಲ್ಲಿ ಬ್ರೇಕು ಗಟ್ಟಿಯಾಗಿ ಬೀಳುತ್ತದೆ ಎಂದುಕೊಂಡೇ ಕ್ಯಾಬಿನ್ ಸಿದ್ಧ ಮಾಡಿ. ಗ್ಯಾಲಿಯ ಪ್ರತಿಯೊಂದು ಕೆಂಪು ಲ್ಯಾಚ್ ತಿರುಗಿಸಿ, ಪ್ರತಿ ಟ್ರಾಲಿಯನ್ನು ಎಳೆದು ನೋಡಿ. ಊರು ಬಂತೆಂದು ಎದ್ದು ಬ್ಯಾಗು ತೆಗೆಯುವವರು ಇರುತ್ತಾರೆ, ತುಳುವಿನಲ್ಲೇ ಗಟ್ಟಿಯಾಗಿ ಕೂರಿಸಿ. ಮಂಜು, ಮಳೆ ಇದ್ದಾಗ ಮತ್ತೆ ಮೇಲೆದ್ದು ಸುತ್ತು ಹಾಕುವುದು, ಬೇರೆ ಊರಿಗೆ ಹೋಗುವುದು ಅಪರೂಪವಲ್ಲ. ಏನೂ ಗೊತ್ತಾಗದೆ ಜನ ಹೆದರುತ್ತಾರೆ, ಕಾಕ್‌ಪಿಟ್ಟಿನಿಂದ ಬಂದ ಮಾತನ್ನು ಕನ್ನಡದಲ್ಲಿಯೂ ಹೇಳಿ. ತೆರವು ಮಾಡಬೇಕಾಗಿ ಬಂದರೆ ಬಾಗಿಲು ತೆಗೆಯುವ ಮುಂಚೆ ಕಿಟಕಿಯಿಂದ ಬೆಂಕಿ ಇದೆಯೇ, ನೆಲ ಇದೆಯೇ ಎರಡನ್ನೂ ನೋಡಿ. ಇಳಿದವರು ಕತ್ತಲಲ್ಲಿ ಅಂಚಿನ ಕಡೆ ಓಡದಂತೆ ಗಾಳಿ ಬೀಸಿ ಬರುವ ದಿಕ್ಕಿಗೆ ಕರೆಯಬೇಕು.

ಜನ ಇಳಿದ ಮೇಲೆ ಸೀಟಿನ ಜೇಬು, ಮೇಲಿನ ಬಿನ್ನು ನೋಡಿ, ಸಿಕ್ಕಿದ ಪಾಸ್‌ಪೋರ್ಟ್, ಫೋನನ್ನು ಬರೆದು ಒಪ್ಪಿಸಿ. ಸಿಬ್ಬಂದಿಯ ಉಸಿರಿನ ಪರೀಕ್ಷೆ ಇಲ್ಲಿಯೂ ಆಗಬಹುದು. ವಿಮಾನ ಉರುಳದಂತೆ ಚಕ್ರಕ್ಕೆ ಕೊಡುವ ಅಡ್ಡಕಟ್ಟೆ (ಚಾಕ್) ತೆಗೆದ ಹಾಗೂ ಇಟ್ಟ ಸಮಯವನ್ನು ನಿಮ್ಮ ಸ್ವಂತ ಪುಸ್ತಕದಲ್ಲಿ ಯುಟಿಸಿಯಲ್ಲೇ ಬರೆಯಿರಿ. ಹಾರಾಟದ ಗಂಟೆಯ ಮೇಲೆ ಭತ್ಯೆ ಬರುವುದರಿಂದ ತಿಂಗಳ ಕೊನೆಗೆ ಸಂಬಳದ ಚೀಟಿಯ ಜೊತೆ ತಾಳೆ ನೋಡಲು ಇದೊಂದೇ ಆಧಾರ.

ಉಡುಪಿ ಕಡೆಗೆ ನೀವೇ ಸ್ಕೂಟರ್, ಕಾರು ಓಡಿಸಿಕೊಂಡು ಹೋಗಬೇಡಿ. ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ ಹೆದ್ದಾರಿಯ ನೇರ ದಾರಿಯಲ್ಲೇ ಕಣ್ಣು ಎಳೆಯುತ್ತದೆ. ಮನೆಯವರು ಬರಲಿ, ಇಲ್ಲವೇ ಬಸ್ಸು ಹಿಡಿಯಿರಿ, ಕಂಡಕ್ಟರಿಗೆ ನಿಮ್ಮ ಸ್ಟಾಪ್ ಹೇಳಿಟ್ಟು ಕೂರಿ. ಮನೆ ತಲುಪಿ ಬಿಸಿನೀರಿನ ಸ್ನಾನ, ಒಂದು ಲೋಟ ಗಂಜಿತಿಳಿ, ಕಿಟಕಿಗೆ ದಪ್ಪ ಪರದೆ. ಫೋನನ್ನು ಬೇರೆ ಕೋಣೆಯಲ್ಲಿಡುವ ಮುಂಚೆ ಮುಂದಿನ ರಿಪೋರ್ಟಿಂಗ್ ಸಮಯ ಬದಲಾಗಿದೆಯೇ ಎಂದು ಒಮ್ಮೆ ನೋಡಿ, ಅಲಾರಂ ಇಡಿ.